ಹುಬ್ಬು ಕಣ್ಣು ದಾಟಿತಾ?

ಭತ್ತ ಕೊಯ್ದು ವಾರವಾದ ಗದ್ದೆ.
ಕೂಳೆಗಳ ನಡುವೆ ಅಂಗೈಯಗಲ ನೀರು.
ಆಲೆಮನೆಯ ಹೊಗೆ ಏಳಲು ಮನಸ್ಸಿಲ್ಲದೆ
ಕಬ್ಬಿನ ಗರಿಯ ಮೇಲೇ ಮಲಗಿದೆ.
ನಾಲೆಯ ಏರಿಯಲ್ಲಿ ನಾವಿಬ್ಬರು:
ನಾನು, ಮಂಡ್ಯದಲ್ಲಿ ರಕ್ತದ ಗುಂಪು ನೋಡುವವಳು;
ಹೊಂಬಯ್ಯನವರು, ಮೂವತ್ತು ವರ್ಷ ಸರಪಳಿ ಹಿಡಿದು
ಊರೂರ ಬಾಂದುಕಲ್ಲು ಹುಡುಕಿದ ಮೋಜಣಿದಾರರು.

ಕೆಸರಲ್ಲಿ ಎರಡು ಗೊರವ.
ಎರಡರ ಬೆನ್ನೂ ಕಂದು, ಹೊಟ್ಟೆ ಬಿಳಿ,
ಎರಡೂ ಹಿಂಬದಿ ಕುಣಿಸುತ್ತ
ಯಾರ ಮಾತಿಗೋ ಹ್ಞೂಂ ಹ್ಞೂಂ ಅನ್ನುತ್ತಿವೆ.
ಪುಸ್ತಕದ ಎದುರುಬದುರು ಪುಟದಲ್ಲಿ
ಎಷ್ಟು ಬೇರೆ ಬೇರೆ ಇದ್ದವು!

"ಬೆನ್ನು ನೋಡ್ಬ್ಯಾಡ ಕಣವ್ವ, ಬೆನ್ನು ಸುಳ್ಳೇಳ್ತದೆ.
ಹುಬ್ಬು ನೋಡು. ಬಿಳೀ ಹುಬ್ಬು
ಕಣ್ಣು ದಾಟಿ ಹಿಂದಕ್ಕೋಯ್ತಾ,
ಕಣ್ಣತ್ರಕ್ಕೇ ನಿಂತೋಯ್ತಾ?"
ದಾಟಿದ್ದರೆ ಅಡವಿ ಗೊರವ, ನಿಂತಿದ್ದರೆ ಹಸಿರು ಗೊರವ.
ಅಡವಿಯದು ಅಡವಿಯಲ್ಲಿಲ್ಲ, ಹಸಿರಿನದು ಹಸಿರಿಲ್ಲ;
ಹೆಸರಿಟ್ಟವರ ಕಷ್ಟ ಹೆಸರಿಟ್ಟವರಿಗೆ.

ಒಂದರದು ದಾಟಿತ್ತು. ಹೇಳಿದೆ.
ಇನ್ನೊಂದು ಮುಖ ತಿರುಗಿಸಲೊಲ್ಲದು.
ಕಾಲು? ಕೆಸರು ಮೆತ್ತಿದೆ.
ಬೆನ್ನ ಮೇಲೆ ಚುಕ್ಕಿ? ಇದೆ ಅಂದರೆ ಇದೆ.
ನೀವೇ ನೋಡಿ ಎನ್ನಲು ತಿರುಗಿದೆ.
ಕಣ್ಣಿಗೊತ್ತಿ ಹಿಡಿದಿದ್ದ ಅವರ ದುರ್ಬೀನಿಗೆ
ಮುಚ್ಚಳ ಹಾಗೇ ಇತ್ತು.

ಇದು ಎರಡನೇ ಚಳಿಗಾಲ.
ಮೂತಿ ಎಷ್ಟುದ್ದ, ಎದೆಗೆ ಗೆರೆ ಉಂಟಾ,
ಕೂತಿದ್ದೋ ನಿಂತಿದ್ದೋ,
ಕೇಳಿದವರೆಲ್ಲ ಅವರು, ಹೇಳಿದವಳು ನಾನು,
ಹೆಸರು ಕಲಿಸಿದರೆಂದು ಕೈಮುಗಿದವಳೂ ನಾನೇ.

ಕಬ್ಬಿನ ಟ್ರ್ಯಾಕ್ಟರು ಕೆಮ್ಮಿತು. ಎರಡೂ ಎದ್ದವು.
"ರೆಕ್ಕೆಯಡಿ ಏನ್ ಬಣ್ಣ? ಕಪ್ಪಾ? ಬ್ಯಾಗ ಹೇಳು!"
ಬಿಸಿಲೆದುರಿಗೆ ಎಲ್ಲರ ಕಂಕುಳೂ ಕಪ್ಪೇ.

ನಾಳೆ ಸೋಮವಾರ. ಬಿಳಿ ಬಿಲ್ಲೆಯ ಮೇಲೆ
ನೀಲಿ ಹನಿ, ಹಳದಿ ಹನಿ, ಅದಕ್ಕೆ ಬೆರೆಸುವ ಕೆಂಪು.
ಮಳವಳ್ಳಿಯಿಂದ ಬಂದವರದೂ ಕೆಂಪು,
ನಾಗಮಂಗಲದವರದೂ ಅದೇ ಕೆಂಪು.
ಮೊಸರೊಡೆದ ಹಾಗೆ ಒಡೆದರೆ ಒಂದು, ಒಡೆಯದಿದ್ದರೆ ಇನ್ನೊಂದು.
ಅಲ್ಲಿ ಗೊತ್ತಾಗಲಿಲ್ಲ ಅನ್ನುವ ಕಾಲಂ ಇಲ್ಲ.
ಹೊರಗೆ ಬೆಂಚಿನ ಮೇಲೆ, ಹೆರಿಗೆ ವಾರ್ಡಿನತ್ತ
ನೋಡುತ್ತ ಯಾರೋ ಕೂತಿರುತ್ತಾರೆ.

"ಗೊತ್ತಾಗ್ನಿಲ್ಲ ಅಂತ ಬರಿ," ಅಂದರು.
"ಎಷ್ಟೋ ಬಾಂದುಕಲ್ಲು ನಂಗೂ ಸಿಕ್ನೇ ಇಲ್ಲ.
ಸಿಕ್ನಿಲ್ಲ ಅಂತ್ಲೇ ಬರ್ದೆ.
ಹೊಲ ಏನೂ ಎದ್ದೋಗ್ನಿಲ್ಲ."

ಅಡವಿ ಗೊರವ: ಒಂದು.
ಗೊರವ, ಗುರುತಾಗಿಲ್ಲ: ಒಂದು.

ಆಗ ಕಬ್ಬಿನಾಚೆಯಿಂದ, ನೀರಿನ ಕೊಡ ಬಗ್ಗಿಸಿದಂತೆ
ಟ್ಲೂಯಿ, ಟ್ವೀ, ಟ್ವೀ.
ಅವರ ಮುಖ ಥಟ್ಟನೆ ಅತ್ತ ತಿರುಗಿತು.
"ಹಸಿರು!"
ಬರೆದದ್ದು ಹೊಡೆದುಹಾಕಲೇ?
ಸ್ವಲ್ಪ ಹೊತ್ತು ಸುಮ್ಮನಿದ್ದರು.
"ಬ್ಯಾಡ, ಇರ್ಲಿ. ಕೂಗಿದ್ದು ಬ್ಯಾರೇದಾಗಿದ್ರೆ?"

ವಾಪಸು ಹೊರಟೆವು. ಮುಚ್ಚಳದ ಮಾತು ಎತ್ತಲಿಲ್ಲ.
ತೂಬಿನ ಹತ್ತಿರ ಏರಿ ಕುಸಿದಿತ್ತು.
ಕೈ ಹಿಡಿಯಲು ಹೋಗಿ, ಬಿಟ್ಟು,
ದಿನವೂ ಹೇಳುವ ದನಿಯಲ್ಲೇ ಹೇಳಿದೆ:
ಬಲಗಾಲಿನ ಮುಂದೆ ಒಂದು ಕಲ್ಲು.
ಮೊಳದುದ್ದ. ಬೂದು.
ಮೇಲ್ಗಡೆ ಪಾಚಿ.