ಎರಡೂ ಬದಿ

ಪಣಜಿಯ ಆಲ್ತಿನ್ಯೊ ಏರಿನ ಬುಡಕ್ಕೆ ನನ್ನ ಜೆರಾಕ್ಸ್ ಅಂಗಡಿ.
ಪುಟಕ್ಕೆ ಎರಡು ರೂಪಾಯಿ, ಎರಡೂ ಬದಿಗೆ ಮೂರು.
ಪೋರ್ಚುಗೀಸರ ಕಾಲದ ಜನನಪತ್ರಗಳು,
ಗೆದ್ದಲು ಅರ್ಧ ಓದಿ ಬಿಟ್ಟವು,
ಗಾಜಿನ ಮೇಲೆ ಬೋರಲು ಮಲಗುತ್ತವೆ.
ಹಸಿರು ಬೆಳಕೊಂದು ಹಾಯುತ್ತದೆ,
ಯಾರದೋ ಅಜ್ಜ ಇನ್ನೊಮ್ಮೆ ಹುಟ್ಟಿ
ತಟ್ಟೆಗೆ ಬೀಳುತ್ತಾನೆ, ಬಿಸಿಬಿಸಿ.

ಕುಡ್ತರಿಯ ಎರ್ಮೆಲಿಂದಾಬಾಯಿ ಸ್ಟೂಲೆಳೆದು ಕೂತು
ಬೆರಳು ಮಡಿಚುತ್ತಾಳೆ:
ಮೊದಲು ಆರೇ ಮಂದಿ, ಬಾಬಾ. ಪ್ರೀತಿಗಲ್ಲ,
ಕಲ್ಲಿದ್ದಲು ಉಕ್ಕಿನ ಲೆಕ್ಕಕ್ಕೆ.
ಒಬ್ಬರನ್ನೊಬ್ಬರು ಕೊಂದು ಸಾಕಾಗಿತ್ತು.
ಆಮೇಲೆ ಬಾಗಿಲು ತಟ್ಟುವವರು ಬಂದರು.
ಇಂಗ್ಲೆಂಡಿಗೇ ಎರಡು ಸಲ ಬೇಡ ಅಂದರು,
ಎರಡನೇ ಸಲ ಅರವತ್ತೇಳರಲ್ಲಿ.
ಅದೇ ವರ್ಷ ನಮ್ಮನ್ನೂ ಕೇಳಿದ್ದರು,
ಮಹಾರಾಷ್ಟ್ರಕ್ಕೆ ಸೇರುತ್ತೀರಾ, ಹೂವೋ ಎರಡೆಲೆಯೋ?
ನನ್ನದು ಎರಡೆಲೆ.
ಗಂಡನದು ಏನೋ, ಸಾಯುವತನಕ ಹೇಳಲಿಲ್ಲ.

ಪೋರ್ಚುಗಲ್ಲು ಒಂಬತ್ತು ವರ್ಷ ಹೊಸ್ತಿಲಲ್ಲಿ ನಿಂತಿತಂತೆ.
ಒಳಹೋಗುವವರು ಮನೆಯ ಕಟ್ಟಳೆ ಪೂರಾ ಒಪ್ಪಬೇಕು,
ಮೀನುಬಲೆಯ ಕಣ್ಣಿನಳತೆ ಕೂಡ.
ಬರುಬರುತ್ತ ಅದು ಎಂಬತ್ತು ಸಾವಿರ ಪುಟ.
ಮನಸ್ಸಲ್ಲೇ ಗುಣಿಸಿದೆ: ಒಂದು ಲಕ್ಷ ಅರವತ್ತು ಸಾವಿರ,
ಎರಡೂ ಬದಿ ಅಂದರೆ ಅವರಿಗೆ ನಲವತ್ತು ಉಳಿಯುತ್ತದೆ.

ಮೊಮ್ಮಗ ಜೊವಿತೊ ಆ ಕಾಗದ ಹಿಡಿದು ಹೋದದ್ದು
ಲಿಸ್ಬನ್ನಿಗಲ್ಲ, ಸ್ವಿಂಡನ್ನಿನ ಗೋದಾಮಿಗೆ.
ಒಂದು ಬಾಗಿಲು ತೆರೆದರೆ ಸಾಕಿತ್ತು,
ಒಳಗಿನ ಕೋಣೆಗಳಿಗೆ ಬಾಗಿಲೇ ಇರಲಿಲ್ಲ.
ಈಗ ಇಂಗ್ಲೆಂಡು ಪಂಕ್ತಿಯಿಂದ ಎದ್ದಿದೆ,
ಎಲೆಯಲ್ಲಿ ಇನ್ನೂ ಅನ್ನವಿರುವಾಗ.
ತಂಗಿಗೆ ಡಬ್ಲಿನ್ ನೋಡುತ್ತಿದ್ದಾರೆ.
ಅದಕ್ಕೇ ಈ ನಾಲ್ಕು ಪ್ರತಿ.

ಎರಡು ಸಾವಿರದ ನಾಲ್ಕು, ಮೇ ಒಂದು, ಅನ್ನುತ್ತಾಳೆ,
ಹತ್ತು ದೇಶ ಒಂದೇ ದಿನ ಒಳಗೆ! ಟಿವಿಯಲ್ಲಿ ಪಟಾಕಿ!

ಆ ವರ್ಷ ನನಗೂ ನೆನಪಿದೆ, ಬಾಯಿ.
ಜೂನಿನಲ್ಲಿ ಬೈಣಾ ಕಡಲಂಚಿನ
ನಮ್ಮ ತಗಡಿನ ಸಾಲು ಹೊರಗೆ.
ಅವ್ವ ರೊಟ್ಟಿಹಂಚನ್ನು ಸೆರಗಲ್ಲಿ ಹಿಡಿದು ಬಂದಳು,
ಮೊದಲ ಹನಿ ಬಿದ್ದು ಚುಂಯ್ ಅಂದಿತು.
ಗಜೇಂದ್ರಗಡ ಬಿಟ್ಟು ಆಗ ಇಪ್ಪತ್ತೆರಡು ವರ್ಷ.
ಇದನ್ನು ನಾನು ಹೇಳಲಿಲ್ಲ,
ಚಿಲ್ಲರೆ ಎಣಿಸಿದೆ.

ಹದಿನೈದು ವರ್ಷದ ವಾಸಕ್ಕೆ ಗುರುತು ತಾ ಅನ್ನುತ್ತಾರೆ
ಮಾಮಲೇದಾರರ ಕಚೇರಿಯಲ್ಲಿ.
ಕೊಂಕಣಿಯಲ್ಲಿ ಕನಸು ಬೀಳುತ್ತದೆ ಅಂದರೆ
ಅದಕ್ಕೆ ಮುದ್ರೆ ಬೇಕು.
ಘಾಂಟಿ ಅಂತ ಕರೆದವರೆಲ್ಲ ಸಾಕ್ಷಿ ಹೇಳಿದರೆ
ಎರಡು ಸಲ ಸಿಕ್ಕೀತು.
ಕೊಡಬೇಕಾದ ವಿಳಾಸದಲ್ಲೀಗ ಮರಳು.

ಸಂಜೆ ಷಟರ್ ಅರ್ಧ ಎಳೆದು
ನನ್ನ ಅರ್ಜಿಯನ್ನೂ ಗಾಜಿನ ಮೇಲೆ ಮಲಗಿಸಿದೆ.
ಎರಡೂ ಬದಿಯಾ? ರೂಢಿ, ಬಾಯಿಗೆ ಬಂದೇಬಿಟ್ಟಿತು.
ಹಿಂಬದಿ ಖಾಲಿ. ಆದರೂ ತೆಗೆದೆ.
ಬಿಳಿ ಹಾಳೆಗೆ ಬಿಳಿ ಹಾಳೆಯ ನಕಲು,
ನಡುವೆ ಅಂಕುಡೊಂಕು ತೆಳುಗೆರೆಯೊಂದು.
ನಕ್ಷೆಯೇನೋ ಎಂದು ದೀಪಕ್ಕೆ ಹಿಡಿದೆ.
ಎರ್ಮೆಲಿಂದಾಬಾಯಿಯ ಕೂದಲು,
ಗಾಜಿಗೆ ಅಂಟಿತ್ತು.