ಮೆಲ್ಲ, ಬೆಲ್ಲ

ನಮ್ಮಪ್ಪ ಗಟ್ಟಿ ಬಾಯಿಯವನು.
ಅವ್ವನ ಹತ್ತಿರ ಉಪ್ಪು ಕೇಳಿದರೆ ಪಕ್ಕದ ಮನೆಯ ಜೈತುನ್‌ಬಿ
ಬಟ್ಟಲು ಹಿಡಿದು ಬಂದುಬಿಡುತ್ತಿದ್ದಳು.
ರಾತ್ರಿ ಪಾಳಿ ಮುಗಿಸಿ
ಅಶೋಕ ಟಾಕೀಸಿನ ರೈಲ್ವೆ ಗೇಟು ದಾಟುವಾಗಲೇ
ಅವನ ಕೆಮ್ಮು ನಮ್ಮ ಓಣಿಗೆ ಬಂದು
ಕೋಳಿಗಿಂತ ಮೊದಲು ಕದ ಬಡಿಯುತ್ತಿತ್ತು.

ನನಗೆ ನಾಚಿಕೆ.
ನಾನು ದೊಡ್ಡವಳಾದ ದಿನ ಅವನು ಅವ್ವನನ್ನು
ಗುಟ್ಟಾಗಿ ಕೇಳಿದ್ದು, "ಏನಾತೇ ಹುಡುಗಿಗೆ?"
ನಲ್ಲಿಯ ಮುಂದಿನ ಕೊಡಗಳ ಸಾಲಿನ ತನಕ ಹೋಗಿ ಮುಟ್ಟಿತ್ತು.
"ಮೆಲ್ಲಗಪ್ಪಾ, ಮೆಲ್ಲಗೆ," ಎನ್ನುತ್ತಿದ್ದೆ.
"ಆಂ?" ಎನ್ನುತ್ತಿದ್ದ.

ಮಗ್ಗದ ಶೆಡ್ಡಿನಲ್ಲಿ ಎಂಟು ತಾಸು
ನಾನೂರು ಮಗ್ಗ ಒಟ್ಟಿಗೇ ಒದರುವಾಗ
ಮನುಷ್ಯನ ದನಿಗೆ ಚಿಲ್ಲರೆ ಬೆಲೆಯೂ ಇಲ್ಲ,
ಬುತ್ತಿಯ ಜೊತೆ ಅದನ್ನೂ ಗೂಟಕ್ಕೆ ನೇತುಹಾಕಿ
ಒಳಗೆ ಹೋಗಬೇಕು ಎಂದು
ಒಮ್ಮೆ ಹೇಳಿದ್ದ, ನಗುತ್ತ, ಕೂಗುತ್ತ.
ಹಾಗಾದರೆ ಒಳಗೆ ಹೆಂಗೆ ಮಾತಾಡ್ತಿದ್ರಿ ಎಂದು
ನಾನು ಕೇಳಲಿಲ್ಲ.

ಮಿಲ್ಲು ಮುಚ್ಚಿತು. ಗೂಟದ ದನಿ ಇಳಿಸಿಕೊಂಡು
ಮಂಡಕ್ಕಿ ಭಟ್ಟಿಗೆ ಹೋದ. ಹೊಟ್ಟು, ಹೊಗೆ, ಬೀಡಿ.
ಹನ್ನೊಂದು ವರ್ಷ.
ಆಮೇಲೆ ಗಂಟಲಲ್ಲಿ ಗಂಟು.
ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು
ಇದು ದನಿಪೆಟ್ಟಿಗೆ ಎಂದರು, ಅದರ ಮೇಲೆ ಗೀಟು ಎಳೆದರು.
ಪೆಟ್ಟಿಗೆಯಂತೆ.
ನಮ್ಮಪ್ಪನದು ಕಣಜ, ಸ್ವಾಮಿ, ಎನ್ನಬೇಕೆನಿಸಿತು.

ಈಗ ಕತ್ತಿನ ಬುಡದಲ್ಲೊಂದು ತೂತು, ಮೇಲೆ ತೆಳು ಬಟ್ಟೆ.
ಉಸಿರಿಗೆ ಉಬ್ಬುತ್ತದೆ, ತಗ್ಗುತ್ತದೆ.
ಎರಡಂಕಣದ ಮನೆ ಎಷ್ಟು ದೊಡ್ಡದೆಂದು
ಆಗ ಗೊತ್ತಾಯಿತು.
ಅವ್ವನ ಬಳೆಗೆ ಸದ್ದಿತ್ತು. ಹಲ್ಲಿಗೂ ಇತ್ತು.
ಒಂದನೇ ಕ್ಲಾಸಿನ ಟೀಚರು ನಾನು, ಸ್ಲೇಟು ತಂದೆ;
ಅಪ್ಪ ಹೆಬ್ಬೆಟ್ಟಿನವನೆಂಬುದು
ಕೈಗಿಟ್ಟ ಮೇಲೆ ನೆನಪಾಯಿತು.
ಅವನು ಅದರ ಮೇಲೊಂದು ಲಾಳಿ ಬರೆದ. ಚೆಂದಿತ್ತು.

ಒಂದು ಸಂಜೆ ತುಟಿ ಆಡಿಸಿದ.
ಬೆಲ್ಲ, ಎಂದು ಓದಿದೆ.
ಅಚ್ಚು ಒಡೆದು ಚೂರು ತಂದೆ. ಅಲ್ಲ ಎಂದು ಕೈಯಾಡಿಸಿದ.
ಮತ್ತೆ ಅದೇ, ಬೆಲ್ಲ.
ನೀರಲ್ಲಿ ಕರಗಿಸಿ, ಸೋಸಿ ತಂದು,
"ಕುಡಿಯಪ್ಪಾ, ಬೆಲ್ಲಾ! ಬೆಲ್ಲದ ನೀರೂ!" ಎಂದೆ.
ಕಣ್ಣು ಮುಚ್ಚಿ ಗೋಡೆಗೆ ತಿರುಗಿದ.

ಭಾನುವಾರ ಕಲಂದರ್ ಸಾಬರು ಬಂದರು, ಬಾಷಾ ನಗರದಿಂದ.
ಅದೇ ಶೆಡ್ಡು, ಎದುರು ಮಗ್ಗ, ಇಪ್ಪತ್ತಾರು ವರ್ಷ.
ಅವರಿಗೆ ಕಿವಿ ಪೂರಾ ಹೋಗಿದೆ.
ದನಿಯಿಲ್ಲದವನನ್ನೂ ಕಿವಿಯಿಲ್ಲದವನನ್ನೂ
ಎದುರುಬದುರು ಕೂರಿಸಿ ಏನು ಮಾಡಲಿ ಎಂದು
ಚಹಾಕ್ಕಿಟ್ಟೆ.

ತಿರುಗಿ ನೋಡಿದರೆ ಮಾತು ಶುರುವಾಗಿ ಯಾವ ಕಾಲವೋ.
ತುಟಿ, ಹುಬ್ಬು, ಎರಡು ಬೆರಳು, ಭುಜದ ಸಣ್ಣ ಕುಣಿತ.
ಜಾಬರನ ಮೂಗು ಬಂತು, ಬೋನಸ್ಸು ಬಂತು,
ಯಾರೋ ತೀರಿಕೊಂಡರು,
ಸಾಬರು ಅಂಗೈ ತೆರೆದು ಮುಖ ಸವರಿಕೊಂಡರು.
ಇನ್ನೇನೋ ಪೋಲಿ ಮಾತಿರಬೇಕು,
ಇಬ್ಬರೂ ನನ್ನತ್ತ ಕಳ್ಳಗಣ್ಣು ಹಾಯಿಸಿದರು.
ಅಪ್ಪ ನಕ್ಕ. ಕತ್ತಿನ ಬಟ್ಟೆ ಪಟಪಟ ಹಾರಿತು.

"ಬಾಯಿಲ್ಲಿ," ಸಾಬರು ಕೂಗಿದರು, ಓಣಿಗೆಲ್ಲ ಕೇಳುವಂತೆ.
"ಕೆಂಚ ನಿನ್ನ ಬೆಲ್ಲ ಕೇಳಿಲ್ಲವ್ವ.
ಪ, ಬ, ಮ, ತುಟಿಗೆ ಮೂರೂ ಒಂದೇ.
ಅವ ಅನ್ನೋದು ಮೆಲ್ಲ.
ಆಸ್ಪತ್ರೆಯಿಂದ ಬಂದಾಗಿಂದ ಬರೇ ಒದರ್ತೀಯಂತೆ.
ಹೋಗಿದ್ದು ಗಂಟಲು, ಕಿವಿ ಇನ್ನೂ ಐತಿ,
ಮೆಲ್ಲಗೆ ಮಾತಾಡು ಅಂತಾನೆ."

ಮತ್ತೆ ಗುರುತು ಹಿಡಿಯೋದು ಹೆಂಗೆ, ಸಾಬರೇ?
ನನ್ನ ತುಟಿ ನೋಡಿಯೇ ಉತ್ತರ ಕೊಟ್ಟರು:
"ಬಾಯಷ್ಟೇ ಓದಿದ್ರೆ ಆಗಲ್ಲ.
ಬೆಲ್ಲ ಅನ್ನೋನ ಕಣ್ಣೇ ಬೇರೆ."

ಅವರು ಹೋದ ಮೇಲೆ ಚಹಾದ ಲೋಟ ಎತ್ತುತ್ತ
ಅವನ ಮುಂದೆ ಕುಕ್ಕರಗಾಲಲ್ಲಿ ಕೂತು
ಅಪ್ಪಾ ಎಂದೆ, ದನಿ ತೆಗೆಯದೆ.
ಅಮ್ಮಾ ಎಂದೂ ಓದಬಹುದಿತ್ತು,
ಅಬ್ಬಾ ಎಂದೂ.
ಅವನು ನನ್ನ ಕಣ್ಣನ್ನೇ ನೋಡಿದ, ಬಹಳ ಹೊತ್ತು.
ಆಮೇಲೆ, ಬೇಕೆಂತಲೇ,
ಕಿವಿಗೆ ಕೈ ಆನಿಸಿಕೊಂಡು ಬಾಯಿ ತೆರೆದ:
ಆಂ?