ಎಪ್ಪತ್ತೊಂಬತ್ತು ಸೆಂಟಿಮೀಟರು

ವಾಲ್ಪರೈಸೋದಲ್ಲಿ ಮನೆಗಳು ಗುಡ್ಡ ಹತ್ತುತ್ತಾ ಹತ್ತುತ್ತಾ
ದಣಿದಲ್ಲೇ ಕೂತುಬಿಟ್ಟಿವೆ.
ಎದೆಲ್ಮೀರಾ ಒಯಾರ್ಸುನ್ ಅವರದು ನೂರಾ ಹದಿನಾಲ್ಕನೇ ಮೆಟ್ಟಿಲಿಗೆ:
ಹೊರಗೆ ಹಸಿರು ತಗಡು, ಒಳಗೆ ಮರದ ಚೌಕಟ್ಟು,
ಕಿಟಕಿಯ ತುಂಬ ಬಂದರಿನ ಕ್ರೇನು.

ನಾನು ಹೋದದ್ದು ಒಂದು ಡ್ರಿಲ್ಲು, ಮೂರು ಉಕ್ಕಿನ ಹಿಡಿಕಂಬಿ,
ಪುರಸಭೆ ಕೊಟ್ಟ ಒಂದು ಹಾಳೆಯ ಸಮೇತ.
ಕಂಬಿ ತೊಂಬತ್ತು ಸೆಂಟಿಮೀಟರು ಎತ್ತರಕ್ಕೆ. ಜಮಖಾನೆ ತೆಗೆಯತಕ್ಕದ್ದು.
ಸಾಕುಪ್ರಾಣಿಗಳ ಬಗ್ಗೆ ಎಚ್ಚರ.

"ತೊಂಬತ್ತು ಯಾರ ಅಳತೆ?"
ಕೊರಳಲ್ಲಿ ಟೇಪು, ನಡುಬೆರಳಿಗೆ ಅಂಗುಸ್ತಾನ,
ಅರವತ್ತು ವರ್ಷ ಮದುವಣಗಿತ್ತಿಯರಿಗೆ ಹೊಲಿದ ಕೈ.
"ಪುಸ್ತಕದಲ್ಲಿರುವ ಸೊಂಟ
ಇಲ್ಲಿಯವರೆಗೆ ಒಬ್ಬಳಿಗೂ ಇದ್ದದ್ದು ನಾನು ಕಾಣೆ.
ಹಾಸಿಗೆ ಇದ್ದಷ್ಟು ಕಾಲು ಚಾಚಿದ್ದಾಯಿತು,
ಇನ್ನು ಕಾಲಿದ್ದಷ್ಟು ಹಾಸಿಗೆ ಆಗಲಿ."

ಗೋಡೆ ನೋಡಿದೆ.
ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯುದ್ದಕ್ಕೂ
ಸುಣ್ಣ ಮಾಸಿ, ಜಿಡ್ಡು ಕೂತು, ಅಂಗೈಯಗಲದ ಕಪ್ಪು.
ಒಂದು. ಅಲ್ಲಿಂದ ಮೂರು ಹೆಜ್ಜೆಗೆ ಇನ್ನೊಂದು. ಬಾಗಿಲ ಪಟ್ಟಿಯಲ್ಲಿ ಮತ್ತೊಂದು.
ಕೆಳಮನೆಯ ತಂಗಿಮಗಳು ತಿಂಗಳಿಗೊಮ್ಮೆ ಸೋಪು ಹಾಕಿ ಉಜ್ಜುತ್ತಾಳಂತೆ,
ಉಜ್ಜಿದಷ್ಟೂ ಬರುತ್ತದಂತೆ.
ಕಲೆಯಲ್ಲ ಅದು,
ಅವರು ಬೀಳದೇ ಉಳಿದ ರಾತ್ರಿಗಳನ್ನೆಲ್ಲ
ಗೋಡೆ ಬರೆದಿಟ್ಟುಕೊಂಡ ಜಮಾಖರ್ಚು.

ನೆಲದಿಂದ ಟೇಪು ಹಿಡಿದೆವು. ಎಪ್ಪತ್ತೊಂಬತ್ತು.

ಆದರೂ ನನ್ನ ಮೇಲೆ ನಂಬಿಕೆ ಬರಲಿಲ್ಲ.
"ಕಣ್ಣು ಮುಚ್ಚಿ ನಡಿ. ಈಗ ರಾತ್ರಿ ಮೂರು ಗಂಟೆ,
ಅವಸರವಾಗಿದೆ, ಚಪ್ಪಲಿ ಸಿಗುತ್ತಿಲ್ಲ."
ನಡೆದೆ. ಹೊಸ್ತಿಲು ಎಡವಿ ಗೋಡೆಗೆ ಕೈ ಊರಿದ್ದು
ಎರಡನೇ ಕಲೆಗಿಂತ ಸರಿಯಾಗಿ ಒಂದು ಗೇಣು ಮೇಲೆ.
ಅವರು ನಕ್ಕು ಸೀಸದಕಡ್ಡಿಯಿಂದ ಅಲ್ಲೊಂದು ಗೀಟು ಎಳೆದರು:
"ಇದು ನಿನ್ನದು. ನಿನಗಿನ್ನೂ ಟೈಮಿದೆ."

ಹಲಗೆಯ ಹಿಂದೆ ಗಟ್ಟಿಮರ ಹುಡುಕುತ್ತಾ ನಾನು ಗೋಡೆ ತಟ್ಟುತ್ತಿದ್ದಾಗ
ಅವರೇ ಮಾತಾಡಿಕೊಂಡರು:
"ಭೂಮಿ ನಡುಗಿದಾಗ ಎರಡು ಸಲ ಬಿಡದ ಮನೆ.
ಒಂದು ಸೋಪಿನ ಚೂರಿಗೆ ಬಿಟ್ಟುಕೊಡುತ್ತೇನಾ?"

ಜಮಖಾನೆಗೆ ಮಾತ್ರ ಜಗಳವಾಯಿತು.
ಅದು ಚಿಲೋಯೆ ದ್ವೀಪದ ಉಣ್ಣೆ, ಅವರಮ್ಮ ನೇಯ್ದದ್ದು.
ಹಾಳೆ ತೋರಿಸಿದೆ. ಹಾಳೆಯನ್ನು ಮಡಿಸಿ ಸೂಜಿಪೆಟ್ಟಿಗೆಯ ಕೆಳಗಿಟ್ಟರು.
ಸೈಕಲ್ಲಿನ ಹಳೇ ಟ್ಯೂಬು ಸೀಳಿ, ಅಡಿಗೆ ಅಂಚುಹೊಲಿಗೆ ಹಾಕಿ,
ಮೇಲೆ ನಿಂತು ಕುಣಿದು ತೋರಿಸಿದರು.
ಸರಿ. ಅದು ಕದಲಲಿಲ್ಲ.
ಬೆಕ್ಕಿಗೆ ಸ್ಕ್ರೂ ಹೊಡೆಯಲು ಬರುವುದಿಲ್ಲವಲ್ಲ,
ಅದರ ಕೊರಳಿಗೊಂದು ಗೆಜ್ಜೆ ಬಿತ್ತು.
ಯಾರದೋ ದೋಣಿಗೆ ಬಳಿದು ಮಿಕ್ಕ ಹಳದಿ ಬಣ್ಣ
ಒಳಮೆಟ್ಟಿಲುಗಳ ಅಂಚಿಗಾಯಿತು,
ಕೊನೆಯದಕ್ಕೆ ಸಾಲದೆ ಅದು ಅರ್ಧವೇ ಹಳದಿ.

ಮೂರು ಕಂಬಿ ಕೂತವು. ಜೋತುಬಿದ್ದು ನೋಡಿದೆ, ಗಟ್ಟಿ.
"ನೀವೊಮ್ಮೆ ಹಿಡಿದು ನೋಡಿ," ಅಂದೆ.
"ಆಮೇಲೆ."
ಟೇಬಲ್ಲು ಹಿಡಿದುಕೊಂಡೇ ಹೋಗಿ ಚಹಾ ಕಾಸಿದರು.
ಕುಡಿಯುವಷ್ಟು ಹೊತ್ತೂ ಕಂಬಿಗಳ ಕಡೆ ತಿರುಗಿ ನೋಡಲಿಲ್ಲ,
ಪರಿಚಯ ಮಾಡಿಸದ ನೆಂಟರ ಕಡೆ ನೋಡದ ಹಾಗೆ.

ಕತ್ತಲಾಗುತ್ತಿತ್ತು. ಡ್ರಿಲ್ಲು ಹೆಗಲಿಗೇರಿಸಿ ಇಳಿಯತೊಡಗಿದೆ.
ನೂರಾ ಹತ್ತು, ನೂರಾ ಒಂಬತ್ತು…
ಮೇಲೆ, ತಗಡಿನಾಚೆ, ಉಕ್ಕಿಗೆ ಅಂಗುಸ್ತಾನ ತಾಗಿ
ಟಿಣ್.
ನಿಂತೆ.
ಮೂರು ಹೆಜ್ಜೆಯಷ್ಟು ಮೌನ.
ಟಿಣ್.